ಹತ್ತು ವರ್ಷ ಬೇರೆಯವರ ಗಂಟಲಿಗೆ ಹಾಡು ಕಟ್ಟಿದೆ: ನಿಮ್ಮ ಮೆಚ್ಚಿನ ರಾಕ್ ಗಾಯಕರು ನಿಮ್ಮನ್ನ ಏನು ಮಾಡಿದ್ರು?

ಆರನೇತಂತಿ

ಬಹಳ ದಿನದಿಂದ ಇಲ್ಲಿ ಬರೀ ಓದಿಕೊಂಡು ಹೋಗ್ತಿದ್ದೆ. ಇವತ್ತು ಬರೀತಿದ್ದೀನಿ, ಸ್ವಲ್ಪ ಉದ್ದ ಆಗುತ್ತೆ.

ಗಿಟಾರ್ ನುಡಿಸ್ತೀನಿ, ಹಾಡ್ತೀನಿ, ಹಾಡು ಕಟ್ತೀನಿ. ಹದಿನಾರನೇ ವಯಸ್ಸಲ್ಲಿ ಡೀಪ್ ಪರ್ಪಲ್‌ನ ಇಯಾನ್ ಗಿಲನ್ ಕೇಳಿದೆ. 1970ರ ‘ಚೈಲ್ಡ್ ಇನ್ ಟೈಮ್’ನಲ್ಲಿ ಮೆಲ್ಲಗೆ ಶುರುವಾಗೋ ಧ್ವನಿ ಮೆಟ್ಟಿಲು ಹತ್ತಿದ ಹಾಗೆ ಏರಿ ಏರಿ ಕಿರುಚಾಟಕ್ಕೆ ಮುಟ್ಟುತ್ತಲ್ಲ, ಅದನ್ನ ಕೇಳಿದ ದಿನ ಗಾಯಕ ಅಂದ್ರೆ ಮೇಲೆ ಹೋಗುವವನು ಅಂತ ತಲೆಯಲ್ಲಿ ಕೂತುಬಿಡ್ತು. ಆಮೇಲೆ ಲೆಡ್ ಜೆಪೆಲಿನ್‌ನ ರಾಬರ್ಟ್ ಪ್ಲಾಂಟ್. ಆಮೇಲೆ ಸೌಂಡ್‌ಗಾರ್ಡನ್‌ನ ಕ್ರಿಸ್ ಕಾರ್ನೆಲ್. ಮೂವರೂ ಆಕಾಶದಲ್ಲಿ ಓಡಾಡೋರು. ನಂದು ತಗ್ಗಿನ ಧ್ವನಿ. ಫೋನ್ ಎತ್ತಿ ‘ಹಲೋ’ ಅಂದ್ರೆ ನಮ್ಮಪ್ಪ ಅಂದ್ಕೊಂಡು ಮಾತಾಡೋರು.

ಆದ್ರೂ ಹತ್ತು ವರ್ಷ ನಾನು ಕಟ್ಟಿದ ಒಂದೊಂದು ಹಾಡಿನ ಪಲ್ಲವಿಯೂ ನನ್ನ ಗಂಟಲು ಮುಟ್ಟದ ಜಾಗದಲ್ಲೇ ಇರ್ತಿತ್ತು. ಮುಟ್ಟಿಸ್ತಿದ್ದೆ, ಕತ್ತಿನ ನರ ಉಬ್ಬಿಸಿಕೊಂಡು. ಕಾರ್ಯಕ್ರಮದ ಮರುದಿನ ಧ್ವನಿ ಇರ್ತಿರಲಿಲ್ಲ. ಅದನ್ನೂ ರಾಕ್ ಅಂತಲೇ ತಿಳಿದಿದ್ದೆ.

ಎರಡು ವರ್ಷದ ಹಿಂದೆ ಸ್ವರತಂತುವಿನಲ್ಲಿ ಗಂಟು ಕಾಣಿಸ್ತು. ಎರಡು ವಾರ ಮಾತೇ ಆಡಬಾರದು, ಪಿಸುಗುಟ್ಟೋದೂ ಬೇಡ ಅಂದ್ರು. ಆಮೇಲೆ ತಿಂಗಳುಗಟ್ಟಲೆ ವಾಯ್ಸ್ ಥೆರಪಿ. ಆ ಎರಡು ವಾರ ಮಾಡೋಕೆ ಬೇರೆ ಕೆಲಸ ಇರಲಿಲ್ಲ, ಫೋನಿನಲ್ಲಿ ಬಿದ್ದಿದ್ದ ಹಳೇ ವಾಯ್ಸ್ ಮೆಮೊಗಳನ್ನ ಒಂದೊಂದೇ ಕೇಳಿದೆ. ಮುನ್ನೂರಕ್ಕೂ ಹೆಚ್ಚಿದ್ವು. ನಡುರಾತ್ರಿ ಅರೆನಿದ್ದೆಯಲ್ಲಿ ಗುನುಗಿದ್ದು, ಬಟ್ಟೆ ಒಗೀತಾ ಗುನುಗಿದ್ದು. ಎಲ್ಲ ಕೆಳಗಿನ ಸ್ವರದಲ್ಲಿ. ಎಲ್ಲದರಲ್ಲೂ ಜೀವ ಇತ್ತು. ಅವೇ ಹಾಡುಗಳ ‘ಮುಗಿಸಿದ’ ರೆಕಾರ್ಡಿಂಗ್ ಕೇಳಿದೆ. ಕ್ಯಾಪೊ (ಗಿಟಾರಿನ ಶ್ರುತಿ ಏರಿಸೋ ಕ್ಲಿಪ್) ಹಾಕಿ ಹಾಕಿ ನಾಲ್ಕು ಫ್ರೆಟ್, ಐದು ಫ್ರೆಟ್ ಮೇಲಕ್ಕೆ ಒಯ್ದಿದ್ದೆ. ಹಾಡು ಅಲ್ಲಿ ಸತ್ತು ಬಿದ್ದಿತ್ತು.

ಆವಾಗ ಹೊಳೀತು. ‘ನನಗೆ ಹೊಸ ಹಾಡೇ ಬರ್ತಿಲ್ಲ, ಬರಡಾಗಿಬಿಟ್ಟೆ’ ಅಂತ ಮೂರು ವರ್ಷ ಗೋಳಾಡಿದ್ನಲ್ಲ, ಹಾಡು ಬರ್ತಾನೇ ಇತ್ತು. ಅದನ್ನ ಗಿಲನ್ ಗಂಟಲಿಗೆ ಹೊಲಿದು ನಾನು ತೊಟ್ಕೊಳ್ಳೋಕೆ ಹೋಗಿ ಹರೀತಿದ್ದೆ.

ನನ್ನ ಪ್ರಶ್ನೆ: ನೀವು ಆರಾಧಿಸೋ ಗಾಯಕರು ನಿಮ್ಮ ಸೃಜನಶೀಲತೆಗೆ ನೀರು ಹಾಕಿದ್ರಾ, ಕತ್ತು ಹಿಸುಕಿದ್ರಾ?

ಹಳೇಕ್ಯಾಸೆಟ್

ಮಾರಾಯ್ರೆ, ಬರಹ ಚೆನ್ನಾಗಿದೆ, ವಾದ ಚೆನ್ನಾಗಿಲ್ಲ.

ಫ್ರೆಡ್ಡಿ ಮರ್ಕ್ಯುರಿ ಮಾತಾಡುವ ಸಂದರ್ಶನ ಕೇಳಿದ್ದೀರಾ? ತಗ್ಗಿನ ಧ್ವನಿಯೇ. ಕ್ವೀನ್‌ನ ಹಾಡುಗಳಲ್ಲಿ ಆತ ಎಲ್ಲಿ ಹಾಡಿದ? ‘ನನ್ನದು ಮಂದ್ರದ ಗಂಟಲು, ಪಾಪ’ ಅಂತ ಕೂತಿದ್ದರೆ ನಮಗೆ ಆ ಹಾಡುಗಳು ಸಿಕ್ತಿದ್ವಾ? ನಿಮಗೆ ತಾಲೀಮು ಸಾಲಲಿಲ್ಲ. ಅದಕ್ಕೆ ಆರಾಧ್ಯ ದೈವಗಳ ಮೇಲೆ ತಪ್ಪು ಹೊರಿಸಬೇಡಿ.

ನನ್ನ ಪಟ್ಟಿ: ಫ್ರೆಡ್ಡಿ, ಫ್ರೆಡ್ಡಿ, ಮೆಟಲ್ ಗಾಯಕ ರಾನಿ ಜೇಮ್ಸ್ ಡಿಯೊ, ಫ್ರೆಡ್ಡಿ.

ಶ್ರುತಿಪೆಟ್ಟಿಗೆ

ನಾನು ಧ್ವನಿ ಪಾಠ ಮಾಡುವವಳು, ಹಾಗಾಗಿ ನಡುವೆ ಬರುತ್ತಿದ್ದೇನೆ. ಕ್ಷಮಿಸಿ.

ಹಳೇಕ್ಯಾಸೆಟ್ ಅವರು ಹೇಳಿದ್ದರಲ್ಲಿ ಅರ್ಧ ಸರಿ. 2016ರಲ್ಲಿ ಧ್ವನಿವಿಜ್ಞಾನಿಗಳ ಒಂದು ತಂಡ ಮರ್ಕ್ಯುರಿಯ ಧ್ವನಿಯ ಬಗ್ಗೆ ಅಧ್ಯಯನ ಪ್ರಕಟಿಸಿತು. ಸಂದರ್ಶನಗಳಲ್ಲಿ ಆತ ಮಾತಾಡುವ ಮಟ್ಟ ಸುಮಾರು 117 ಹರ್ಟ್ಸ್ ಎಂದು ಅಳೆದರು. ಅಂದರೆ ಬ್ಯಾರಿಟೋನ್ (ಗಂಡಸರ ನಡುಮಟ್ಟದ ಧ್ವನಿ) ಇರಬಹುದು, ಹಾಡಿದ್ದು ಟೆನರ್ (ಅದಕ್ಕಿಂತ ಎತ್ತರದ ಧ್ವನಿ) ಆಗಿ. ಆದರೆ ಆ ಅಧ್ಯಯನದಲ್ಲಿ ನನಗೆ ರುಚಿಸಿದ್ದು ಬೇರೆ ಭಾಗ. ಒಬ್ಬ ವೃತ್ತಿಪರ ರಾಕ್ ಗಾಯಕನಿಂದ ಮರ್ಕ್ಯುರಿಯ ಹಾಗೆ ಹಾಡಿಸಿ, ಗಂಟಲೊಳಗೆ ಕ್ಯಾಮೆರಾ ಇಳಿಸಿ, ಸೆಕೆಂಡಿಗೆ 4,000ಕ್ಕೂ ಹೆಚ್ಚು ಫ್ರೇಮ್‌ಗಳಲ್ಲಿ ಚಿತ್ರೀಕರಿಸಿದರು. ಆ ಗರಗರ ಸದ್ದು ಬರುವಾಗ ಸ್ವರತಂತುಗಳ ಜೊತೆಗೆ ಅವುಗಳ ಮೇಲಿನ ಮಡಿಕೆಗಳೂ ಕಂಪಿಸುತ್ತಿದ್ದವು. ಸಾಮಾನ್ಯವಾಗಿ ಮಾತಿಗಾಗಲಿ ಶಾಸ್ತ್ರೀಯ ಗಾಯನಕ್ಕಾಗಲಿ ನಾವು ಆ ಮಡಿಕೆಗಳನ್ನು ಬಳಸುವುದಿಲ್ಲ.

ಅದರ ಅರ್ಥ ಇಷ್ಟೇ: ಹೊರಗೆ ‘ಕಿರುಚಾಟ’ ಎಂದು ಕೇಳುವುದು ಒಳಗೆ ಬೇರೆಯೇ ಏನೋ ಆಗಿರುತ್ತದೆ. ನೀವು ಸದ್ದನ್ನು ನಕಲು ಮಾಡುತ್ತೀರಿ, ಸದ್ದು ಹುಟ್ಟುವ ಬಗೆಯನ್ನಲ್ಲ. ಗಂಟು ಬೀಳುವುದು ಅಲ್ಲಿ. ಡಿಯೊ ಹೆಸರು ಬಂದಿದ್ದರಿಂದ ಹೇಳುತ್ತೇನೆ. ಆತ ಚಿಕ್ಕಂದಿನಲ್ಲಿ ಟ್ರಂಪೆಟ್ ಕಲಿತವನು. ತನ್ನ ಉಸಿರಾಟದ ಹಿಡಿತ ಅಲ್ಲಿಂದ ಬಂದದ್ದೆಂದು ತಾನೇ ಹೇಳಿಕೊಂಡಿದ್ದ. ಕಂಡದ್ದು ಗಂಟಲು, ದುಡಿದದ್ದು ಹೊಟ್ಟೆ.

ಆರನೇತಂತಿಯವರೇ, ಮೇಲಿನ ಸ್ವರ ನಿಮಗೆ ಯಾವತ್ತೂ ಬರುವುದಿಲ್ಲ ಎಂದು ಯಾರೂ ಹೇಳಲಾರರು. ಆದರೆ ಅದು ನಿಮ್ಮ ಹಾಡಿಗೆ ಬೇಕೇ ಎಂಬುದು ಬೇರೆ ಪ್ರಶ್ನೆ.

ಡ್ರಮ್‌ಸ್ಟಿಕ್

ಇಲ್ಲಿವರೆಗೆ ಐದು ಗಾಯಕರ ಹೆಸರು ಬಂತು, ಐದೂ ಗಂಡಸರದ್ದು. ಎಣಿಸ್ತಾ ಕೂತಿದ್ದೆ.

ಮೆರ‍್ರಿ ಕ್ಲೇಟನ್ ಗೊತ್ತಾ? 1969ರಲ್ಲಿ ರೋಲಿಂಗ್ ಸ್ಟೋನ್ಸ್ ‘ಗಿಮ್ಮಿ ಶೆಲ್ಟರ್’ಗೆ ಹೆಣ್ಣುಧ್ವನಿ ಬೇಕು ಅಂತ ರಾತ್ರಿ ಹೊತ್ತಲ್ಲಿ ಫೋನ್ ಮಾಡಿಸಿದ್ರು. ತುಂಬು ಬಸುರಿ, ಮಲಗೋಕೆ ಹೊರಟಿದ್ದವಳು, ಕೂದಲಿಗೆ ಕರ್ಲರ್ ಸುತ್ತಿಕೊಂಡೇ ಸ್ಟುಡಿಯೋಗೆ ಬಂದು ಹಾಡಿದ್ಲು. ಹಾಡಿನ ಮೂರು ನಿಮಿಷದ ಆಸುಪಾಸಲ್ಲಿ ಅವಳ ಧ್ವನಿ ಸೀಳುತ್ತೆ. ಕಿವಿಗೊಟ್ಟು ಕೇಳಿ, ಆ ಸೀಳಿಗೆ ಹಿಂದಿನಿಂದ ಒಬ್ಬ ಖುಷಿ ತಡೀಲಾರದೆ ಕೂಗಿದ್ದೂ ಟೇಪಿನಲ್ಲಿದೆ. ಅವಳ ಜಾಗದಲ್ಲಿ ನಾವಿದ್ದಿದ್ರೆ ‘ಸಾರಿ, ಇನ್ನೊಂದು ಟೇಕ್’ ಅಂತಿದ್ವಿ.

ಜಾನಿಸ್ ಜಾಪ್ಲಿನ್ ಬಗ್ಗೆ ಬರೆಯೋಕೆ ಹೊರಟ್ರೆ ರಾತ್ರಿ ಆಗುತ್ತೆ. ಒಂದೇ ವಿಷಯ. 1970ರ ಅಕ್ಟೋಬರ್ 4ಕ್ಕೆ ಅವಳು ತೀರಿಕೊಂಡಾಗ ‘ಪರ್ಲ್’ ಆಲ್ಬಮ್ಮಿನ ಒಂದು ಹಾಡಿಗೆ ಬ್ಯಾಂಡ್ ನುಡಿಸಿ ಮುಗಿಸಿತ್ತು, ಅವಳು ಹಾಡೋದು ಬಾಕಿ ಇತ್ತು. ಬೇರೆಯವರ ಕೈಲಿ ಹಾಡಿಸದೆ ಬರೀ ವಾದ್ಯವಾಗಿಯೇ ಬಿಟ್ಟಿದ್ದಾರೆ. ಡ್ರಮ್ಸ್ ಕಲಿಯೋವಾಗ ಆ ಟ್ರ್ಯಾಕಿನ ಜೊತೆ ನೂರಾರು ಸಲ ನುಡಿಸಿದ್ದೀನಿ. ಗಾಯಕಿ ಇಲ್ಲದ ಹಾಡಲ್ಲಿ ಗಾಯಕಿಗೆ ಜಾಗ ಬಿಟ್ಟು ನುಡಿಸೋದು ಹೇಗೆ ಅಂತ ಕಲಿತದ್ದು ಅಲ್ಲೇ.

ಗ್ರೇಸ್ ಸ್ಲಿಕ್, ಟೀನಾ ಟರ್ನರ್, ಪ್ಯಾಟಿ ಸ್ಮಿತ್. ಬರೀ ಹೆಸರು ಹೇಳಿ ಬಿಡ್ತೀನಿ, ಹುಡುಕಿ ಕೇಳಿಕೊಳ್ಳಿ.

ಆರನೇತಂತಿ

@ಡ್ರಮ್‌ಸ್ಟಿಕ್ ಸರಿಯಾಗಿ ಕೊಟ್ರಿ. ತಪ್ಪು ಒಪ್ಪಿದೆ. ಮೆರ‍್ರಿ ಕ್ಲೇಟನ್‌ದು ಈಗಷ್ಟೇ ಹೆಡ್‌ಫೋನ್ ಹಾಕಿ ಕೇಳಿದೆ. ಆ ಹಿಂದಿನ ಕೂಗು ಇಷ್ಟು ವರ್ಷ ನನ್ನ ಕಿವಿಗೆ ಬಿದ್ದೇ ಇರಲಿಲ್ಲ!

@ಹಳೇಕ್ಯಾಸೆಟ್ ತಾಲೀಮು ಸಾಲಲಿಲ್ಲ ಅನ್ನೋದು ನಿಜ. ಆದ್ರೆ ಒಂದು ಕಥೆ ಕೇಳಿ. 1990ರಲ್ಲಿ ಟೆಂಪಲ್ ಆಫ್ ದ ಡಾಗ್ ಅನ್ನೋ ಬ್ಯಾಂಡಿನ ತಾಲೀಮು ನಡೀತಿತ್ತು. ನನ್ನ ದೇವರು ಕ್ರಿಸ್ ಕಾರ್ನೆಲ್, ನಾಲ್ಕು ಸ್ಥಾಯಿಯ ಗಂಟಲು ಅಂತ ಹೊಗಳಿಸಿಕೊಂಡವನು, ‘ಹಂಗರ್ ಸ್ಟ್ರೈಕ್’ನಲ್ಲಿ ಎಲ್ಲಿ ಒದ್ದಾಡಿದ ಗೊತ್ತಾ? ಕೆಳಗಿನ ಸಾಲಲ್ಲಿ! ಬೇರೊಂದು ಬ್ಯಾಂಡಿನ ಆಡಿಶನ್‌ಗೆ ಅಂತ ಊರಿಗೆ ಬಂದು ಮೂಲೆಯಲ್ಲಿ ಕಾಯ್ತಿದ್ದ ಎಡ್ಡಿ ವೆಡ್ಡರ್ ಎದ್ದು ಬಂದು ಮೈಕಿನ ಮುಂದೆ ನಿಂತು ಆ ಸಾಲು ಹಾಡಿದ. ಅದೇ ಆ ಹಾಡಿನ ಪ್ರಾಣ ಆಯ್ತು. ಅಂದ್ರೆ ನಾನು ಯಾವ ಗಂಟಲಿಗೆ ಆಸೆಪಟ್ಟು ಗಂಟು ಮಾಡ್ಕೊಂಡ್ನೋ ಆ ಗಂಟಲಿಗೆ ನನ್ನ ಹತ್ರ ಪುಕ್ಕಟೆ ಇದ್ದದ್ದು ಬೇಕಾಗಿತ್ತು. ನಗು ಬರುತ್ತೆ. ಅಳೂನೂ ಬರುತ್ತೆ.

ಪ್ಲಾಂಟ್ ಕೂಡ ಅಷ್ಟೇ. 2007ರಲ್ಲಿ ಅಲಿಸನ್ ಕ್ರಾಸ್ ಜೊತೆ ಮಾಡಿದ ಆಲ್ಬಮ್ ಕೇಳಿ. ಆ ಹಳೇ ಕೂಗು ಹುಡುಕಿದ್ರೂ ಸಿಗಲ್ಲ. ಕಿವಿಯ ಹತ್ರ ಬಂದು ಗುಟ್ಟು ಹೇಳಿದ ಹಾಗೆ ಹಾಡಿದ್ದಾನೆ. 2009ರಲ್ಲಿ ಅದಕ್ಕೆ ವರ್ಷದ ಆಲ್ಬಮ್ ಅಂತ ಗ್ರ್ಯಾಮಿ ಬಂತು.

ಸುಮ್ನೆಓದುಗ

ಗಿಟಾರ್ ಟ್ಯೂನ್ ಮಾಡೋಕೂ ಬರದ ನಾನು ಇದನ್ನೆಲ್ಲ ಯಾಕೆ ಓದ್ತಿದ್ದೀನೋ. ನಿಲ್ಲಿಸಬೇಡಿ.

ಮಿಕ್ಸಿಂಗ್‌ಮಂಕ

ನಾನು ಗಾಜಿನ ಈಚೆ ಕೂರುವವನು, ರೆಕಾರ್ಡಿಂಗ್ ಎಂಜಿನಿಯರ್. ಹಾಡುಗಾರರು ಹೆಡ್‌ಫೋನಿನಲ್ಲಿ ತಮ್ಮ ಧ್ವನಿ ಕೇಳಿದಾಗ ಮಾಡುವ ಮುಖ ದಿನಾ ನೋಡ್ತೀನಿ. ತಮ್ಮ ಧ್ವನಿ ಇಷ್ಟ ಅನ್ನೋರು ನನಗೆ ಸಿಕ್ಕಿರೋದು ಬೆರಳೆಣಿಕೆ. ಸಿಕ್ಕವರ ಹಾಡು ಚೆನ್ನಾಗಿರಲಿಲ್ಲ ಅನ್ನೋದು ಬೇರೆ ಮಾತು.

ಜಾನ್ ಲೆನನ್‌ಗೂ ಹಾಗೇ. 1963ರ ಫೆಬ್ರುವರಿ 11ರಂದು ಬೀಟಲ್ಸ್ ಒಂದೇ ದಿನದಲ್ಲಿ ಹತ್ತು ಹಾಡು ರೆಕಾರ್ಡ್ ಮಾಡಿದ್ರು. ಲೆನನ್‌ಗೆ ನೆಗಡಿ. ‘ಟ್ವಿಸ್ಟ್ ಆ್ಯಂಡ್ ಶೌಟ್’ ಹಾಡಿದ್ರೆ ಧ್ವನಿ ಪೂರ್ತಿ ಹೋಗುತ್ತೆ ಅಂತ ಕೊನೆಗೆ ಇಟ್ಟುಕೊಂಡಿದ್ರು. ಮೊದಲ ಟೇಕ್ ಬಂತು, ಎರಡನೆಯದಕ್ಕೆ ಗಂಟಲಲ್ಲಿ ಏನೂ ಉಳಿದಿರಲಿಲ್ಲ. ನಾವು ಕೇಳೋದು ಆ ಮೊದಲನೆಯದ್ದು. ಇಂಥದ್ದೊಂದು ಹಾಡಿದ ಮನುಷ್ಯನಿಗೆ ತನ್ನ ಧ್ವನಿ ಹಿಡಿಸ್ತಿರಲಿಲ್ಲ. ಪ್ರತಿ ಸಲ ಎರಡೆರಡು ಬಾರಿ ಹಾಡಿ ಒಂದರ ಮೇಲೊಂದು ಕೂರಿಸೋ ಕೆಲಸ, ಅದೂ ಬೇಜಾರು. ಕೊನೆಗೆ 1966ರಲ್ಲಿ ಸ್ಟುಡಿಯೋದ ಕೆನ್ ಟೌನ್ಸೆಂಡ್ ಎರಡನೇ ಟೇಪ್ ಯಂತ್ರವನ್ನ ಚೂರು ಹಿಂದೆಮುಂದೆ ಓಡಿಸಿ ಒಂದು ಧ್ವನಿಯನ್ನ ಎರಡು ಮಾಡೋ ಉಪಾಯ ಕಂಡುಹಿಡಿದ. ಇವತ್ತು ನಿಮ್ಮ ಲ್ಯಾಪ್‌ಟಾಪಿನಲ್ಲಿರೋ ಕೋರಸ್, ಡಬ್ಲರ್ ಪ್ಲಗಿನ್‌ಗಳ ಅಜ್ಜ ಅದು. ಲೆನನ್ನನ ಸಂಕೋಚಕ್ಕೆ ಹುಟ್ಟಿದ ಕೂಸು.

ಇನ್ನೂ ತಮಾಷೆ ಇದೆ. ನಿರ್ವಾಣ ಬ್ಯಾಂಡಿನ ‘ನೆವರ್‌ಮೈಂಡ್’ (1991) ರೆಕಾರ್ಡ್ ಆಗೋವಾಗ ಗಾಯಕ ಕರ್ಟ್ ಕೊಬೇನ್ ಎರಡು ಸಲ ಹಾಡೋಕೆ ಒಪ್ಪಲಿಲ್ಲ, ಅದು ಮೋಸ ಅಂದ. ನಿರ್ಮಾಪಕ ಬುಚ್ ವಿಗ್ ‘ಲೆನನ್ ಮಾಡ್ತಿದ್ದ’ ಅಂದಿದ್ದೇ ತಡ, ಒಪ್ಪಿಕೊಂಡ. ಆರನೇತಂತಿ ಸರ್ ಕೇಳಿದ ಪ್ರಶ್ನೆಗೆ ಇದೂ ಒಂದು ಉತ್ತರ. ದೇವರು ಕೆಲವೊಮ್ಮೆ ಬಾಗಿಲು ತೆಗೀತಾನೆ.

ಗಾಯಕನಿಗೆ ಸವಾಲು ಹಾಕಿದ ಎಂಜಿನಿಯರಿಂಗ್ ಅಂದ್ರೆ ಡೇವಿಡ್ ಬೋವಿಯ ‘ಹೀರೋಸ್’, ಬರ್ಲಿನ್ನಿನ ಹನ್ಸಾ ಸ್ಟುಡಿಯೋ, 1977. ನಿರ್ಮಾಪಕ ಟೋನಿ ವಿಸ್ಕಾಂಟಿ ಮೂರು ಮೈಕ್ ಇಟ್ಟ. ಒಂದು ಬಾಯಿ ಹತ್ರ, ಒಂದು ಸುಮಾರು 20 ಅಡಿ ದೂರ, ಇನ್ನೊಂದು 50 ಅಡಿ. ದೂರದ ಎರಡಕ್ಕೂ ಗೇಟ್, ಅಂದ್ರೆ ಸದ್ದು ಒಂದು ಮಟ್ಟ ದಾಟಿದರೆ ಮಾತ್ರ ತೆರೆಯೋ ಉಪಕರಣ. ಬೋವಿ ಜೋರಾಗಿ ಹಾಡಿದ್ರೆ ಮಾತ್ರ ಅವು ತೆರೀತಿದ್ವು. ಹಾಡು ಮುಂದೆ ಹೋದ ಹಾಗೆ ಆತ ಕೂಗಲೇಬೇಕು, ಕೂಗಿದಷ್ಟೂ ಆ ದೊಡ್ಡ ಹಾಲ್ ಧ್ವನಿಗೆ ಅಂಟಿಕೊಳ್ಳುತ್ತೆ. ಅದಕ್ಕೇ ಕೊನೆಯಲ್ಲಿ ಮೈ ಜುಮ್ಮನ್ನೋದು. ಮನೇಲಿ ಮಾಡೋಕೆ ಹೋಗಿ ಪಕ್ಕದ ಮನೆಯವರ ಕೈಲಿ ಬೈಸಿಕೊಂಡಿದ್ದೀನಿ.

ಹಳೇಕ್ಯಾಸೆಟ್

ಕಾರ್ನೆಲ್ ಕಥೆಗೆ ನನ್ನ ಹತ್ತಿರ ಉತ್ತರ ಇಲ್ಲ. ಬಿಡಿ, ಮುಂದಿನ ಜಗಳಕ್ಕೆ ಬರೋಣ.

‘ಅರೆನಿದ್ದೆಯಲ್ಲಿ ಗುನುಗಿದ್ದರಲ್ಲಿ ಜೀವ ಇತ್ತು’ ಅಂದ್ರಲ್ಲ, ಈ ನಿದ್ದೆ-ಕನಸಿನ ಮಾತು ನನಗೆ ಒಗ್ಗುವುದಿಲ್ಲ. ರೋಲಿಂಗ್ ಸ್ಟೋನ್ಸ್‌ನ ಕೀತ್ ರಿಚರ್ಡ್ಸ್ 1965ರಲ್ಲಿ ರಾತ್ರಿ ನಿದ್ದೆಗಣ್ಣಲ್ಲಿ ‘ಸ್ಯಾಟಿಸ್‌ಫ್ಯಾಕ್ಷನ್’ ರಿಫ್ (ಮತ್ತೆ ಮತ್ತೆ ಬರುವ ಗಿಟಾರ್ ತುಣುಕು) ಕ್ಯಾಸೆಟ್ಟಿಗೆ ನುಡಿಸಿದನಂತೆ, ಬೆಳಿಗ್ಗೆ ಕೇಳಿದರೆ ಚೂರು ಗಿಟಾರ್, ಉಳಿದಿದ್ದೆಲ್ಲ ಗೊರಕೆಯಂತೆ. ಅವನೇ ಹೇಳಿಕೊಂಡ ಕಥೆ. ಬೀಟಲ್ಸ್‌ನ ಪಾಲ್ ಮೆಕಾರ್ಟ್ನಿಗೆ ‘ಯೆಸ್ಟರ್‌ಡೇ’ ರಾಗ ಕನಸಲ್ಲಿ ಬಂತಂತೆ. ಎಲ್ಲರೂ ಈ ಎರಡು ಕಥೆ ಹೇಳಿ ಹಾಸಿಗೆ ಹಾಸುತ್ತಾರೆ. ಏನೂ ಬರದ ಸಾವಿರ ರಾತ್ರಿಯ ಗೊರಕೆಯ ಕ್ಯಾಸೆಟ್ಟನ್ನು ಯಾರೂ ತೋರಿಸುವುದಿಲ್ಲ. ಮೆಕಾರ್ಟ್ನಿ ಆ ರಾಗ ಹಿಡಿದುಕೊಂಡು ‘ಇದು ಯಾರದ್ದಾದರೂ ಹಾಡಾ?’ ಅಂತ ಕಂಡಕಂಡವರನ್ನು ಕೇಳುತ್ತಾ ತಿರುಗಿದ. ಮಾತು ಸಿಗುವ ತನಕ ‘ಸ್ಕ್ರ್ಯಾಂಬಲ್ಡ್ ಎಗ್ಸ್’ (ಕದಡಿ ಬೇಯಿಸಿದ ಮೊಟ್ಟೆ) ಅಂತ ತಾತ್ಕಾಲಿಕ ಸಾಲು ಹಾಕಿ ಹಾಡಿಕೊಂಡ. ಸೃಜನಶೀಲತೆ ಅಂದರೆ ಆ ಅಲೆದಾಟ, ಕನಸಲ್ಲ.

ಪದಗಾರ

ಮೊಟ್ಟೆಯ ಸಾಲಿನ ಪ್ರಸ್ತಾಪ ಬಂದದ್ದಕ್ಕೆ ಖುಷಿ. ಅದು ನನ್ನ ಇಲಾಖೆ. ನಾನು ಬ್ಯಾಂಡುಗಳಿಗೆ ಕನ್ನಡದಲ್ಲಿ ಸಾಹಿತ್ಯ ಬರೆದುಕೊಡುವವನು.

ಆರನೇತಂತಿಯವರೇ, ನಿಮ್ಮ ಡಮ್ಮಿ ಸಾಲುಗಳು, ಅಂದರೆ ನಿಜವಾದ ಸಾಹಿತ್ಯ ಸಿಗುವ ತನಕ ರಾಗಕ್ಕೆ ಹಾಕಿಕೊಳ್ಳುವ ಸಾಲುಗಳು, ಯಾವ ಭಾಷೆಯವು? ಒಮ್ಮೆ ನೋಡಿಕೊಳ್ಳಿ. ನಮ್ಮಲ್ಲಿ ಹೆಚ್ಚಿನವರು ಕನ್ನಡ ಹಾಡಿಗೂ ಅರೆಬರೆ ಇಂಗ್ಲಿಷ್ ಉಲಿಯುತ್ತ ರಾಗ ಕಟ್ಟುತ್ತಾರೆ. ಆಗ ರಾಗಕ್ಕೆ ಇಂಗ್ಲಿಷಿನ ಎಲುಬು ಬಂದಿರುತ್ತದೆ. ಇಂಗ್ಲಿಷ್ ಪದ ವ್ಯಂಜನದಲ್ಲಿ ಟಕ್ಕೆಂದು ನಿಲ್ಲುತ್ತದೆ, ಅಲ್ಲಿ ಸ್ನೇರ್ ಡ್ರಮ್ಮಿನ ಪೆಟ್ಟು ಬೀಳುತ್ತದೆ. ನಮ್ಮ ಪದ ಸ್ವರದಲ್ಲಿ ಮುಗಿಯುತ್ತದೆ, ಬಾಲ ಹಾಗೇ ನೇತಾಡುತ್ತದೆ. ‘ಕನ್ನಡದಲ್ಲಿ ರಾಕ್ ಕೂರುವುದಿಲ್ಲ’ ಎಂಬ ಗೊಣಗಾಟ ಹುಟ್ಟುವುದು ಇಲ್ಲಿ.

ಕೂರುತ್ತದೆ. ಪೆಟ್ಟು ಪದದ ಕೊನೆಯಲ್ಲಿ ಹುಡುಕಬೇಡಿ, ಹೊಟ್ಟೆಯಲ್ಲಿ ಹುಡುಕಿ. ಸುಟ್ಟ, ಕಿತ್ತ, ಕತ್ತಲು, ಬಿಕ್ಕು, ಒದ್ದೆ. ಈ ಒತ್ತಕ್ಷರಗಳ ಮೇಲೆ ಸ್ನೇರ್ ಬಿದ್ದು ನೋಡಲಿ. ಡಿಸ್ಟಾರ್ಶನ್ ಗಿಟಾರಿಗೆ ಇವನ್ನು ಮೀರಿಸಿದ ಜೋಡಿ ಇಲ್ಲ.

ಎರಡನೆಯದು, ಎಳೆತ. ಮೇಲಿನ ಸ್ವರವನ್ನು ಎಂಟು ಮಾತ್ರೆ ಎಳೆಯಬೇಕೆಂದು ಹ್ರಸ್ವದ ಮೇಲೆ ನಿಂತರೆ ಕನ್ನಡ ಸೇಡು ತೀರಿಸಿಕೊಳ್ಳುತ್ತದೆ. ಒಬ್ಬರು ‘ಕರು ಕಳೆದ ತಾಯಿಯಂತೆ’ ಎಂಬ ನನ್ನ ಸಾಲನ್ನು ಎಳೆದು ಎಳೆದು ‘ಕಾರು’ ಮಾಡಿದರು. ಸಭೆಯಲ್ಲಿ ಅಳಬೇಕಾದವರು ನಕ್ಕರು. ‘ಮರ’ ಎಳೆದರೆ ಮಾರ, ‘ಬಿಡು’ ಎಳೆದರೆ ಬೀಡು. ಇನ್ನು ಉಕಾರದಲ್ಲಿ ಮುಗಿಯುವ ಪದ ತಾರದಲ್ಲಿ ಬಂದರೆ ತುಟಿ ಮುಚ್ಚಿ ಗಂಟಲು ಬಿಗಿಯುತ್ತದೆ. ಅಲ್ಲಿಗೆ ‘ಬಾ’, ‘ಹೋದೆ’, ‘ಯಾಕೆ’ ತಂದಿಡಬೇಕು. ನಿಮ್ಮ ಗಂಟಿನಲ್ಲಿ ಗಿಲನ್ನನ ಪಾಲೆಷ್ಟೋ ತಪ್ಪು ಜಾಗದಲ್ಲಿ ಕೂತ ಉಕಾರದ ಪಾಲೂ ಅಷ್ಟೇ ಇರಬಹುದು.

ನನ್ನ ಗಾಯಕ ಜೆಫ್ ಬಕ್ಲಿ. ಒಂದೇ ಸ್ಟುಡಿಯೋ ಆಲ್ಬಮ್ ಮುಗಿಸಿ 1997ರಲ್ಲಿ ಮೂವತ್ತಕ್ಕೇ ನದಿಯಲ್ಲಿ ಮುಳುಗಿಹೋದವನು. ನುಸ್ರತ್ ಫತೇ ಅಲಿ ಖಾನರ ಹುಚ್ಚು ಅಭಿಮಾನಿ. ನ್ಯೂಯಾರ್ಕಿನ ಪುಟ್ಟ ಕೆಫೆಯಲ್ಲಿ ಒಂಟಿ ಗಿಟಾರ್ ಹಿಡಿದು ಅವರ ಕವ್ವಾಲಿಯನ್ನು ಉರ್ದುವಿನಲ್ಲೇ ಹಾಡುತ್ತಿದ್ದ. ಆದರೆ ‘ಗ್ರೇಸ್’ (1994) ಕೇಳಿ, ಎಲ್ಲೂ ಕವ್ವಾಲಿ ಇಲ್ಲ. ಸ್ವರದಿಂದ ಸ್ವರಕ್ಕೆ ಜಾರುವ ಧೈರ್ಯ ಮಾತ್ರ ಇದೆ. ಸಾಲ ತಂದರೆ ಹಾಗೆ ತರಬೇಕು.

ಶ್ರುತಿಪೆಟ್ಟಿಗೆ

@ಪದಗಾರ, ಉಕಾರದ ಮಾತಿಗೆ ನನ್ನ ಪೂರ್ಣ ಸಹಿ. ನನ್ನ ವಿದ್ಯಾರ್ಥಿಗಳಿಗೆ ಮೇಲಿನ ಸ್ವರದಲ್ಲಿ ‘ಉ’ ಬಂದಾಗ ಒಳಗೊಳಗೇ ‘ಓ’ ಕಡೆ ಸ್ವಲ್ಪ ತೆರೆಯಿರಿ ಎನ್ನುತ್ತೇನೆ. ಕೇಳುವವರಿಗೆ ‘ಉ’ ಎಂದೇ ಕೇಳುತ್ತದೆ.

ಹೊಸರಿಫ್

ನಮಸ್ತೆ. ನನಗೆ 19. ಆರು ತಿಂಗಳಿಂದ ಹಾಡು ಬರೆಯೋಕೆ ಟ್ರೈ ಮಾಡ್ತಿದ್ದೀನಿ. ಏನು ಬರೆದ್ರೂ ನಾನು ಕೇಳೋ ಬ್ಯಾಂಡಿನ ಹಾಡಿನ ಹಾಗೇ ಇರುತ್ತೆ, ಬರೆದದ್ದೆಲ್ಲ ಡಿಲೀಟ್ ಮಾಡ್ತೀನಿ. ಇದು ಎಲ್ಲರಿಗೂ ಆಗುತ್ತಾ?

ಡ್ರಮ್‌ಸ್ಟಿಕ್

ಡಿಲೀಟ್ ಮಾಡಬೇಡ ಕಣೋ. ಮೇಲೆ ಆರನೇತಂತಿಯವರು ಮುನ್ನೂರು ಮೆಮೊ ಇಟ್ಟುಕೊಂಡಿದ್ದಕ್ಕೇ ಅಲ್ವಾ ಈ ಚರ್ಚೆ ಹುಟ್ಟಿದ್ದು.

ಹಳೇಕ್ಯಾಸೆಟ್

ಆಗುತ್ತೆ ಮಗಾ. ನಲವತ್ತು ವರ್ಷ ಆದರೂ ಆಗುತ್ತೆ. ನನ್ನ ಮೊದಲ ಹಾಡು ಕ್ವೀನ್, ಎರಡನೆಯದು ಕ್ವೀನ್, ಮೂರನೆಯದು ಕ್ವೀನ್ ಆಗಲು ಹೋಗಿ ಕೆಟ್ಟದ್ದು. ಆ ಕೆಟ್ಟದ್ದೇ ಇವತ್ತಿಗೂ ಜನ ಕೇಳಿ ಹಾಡಿಸುತ್ತಾರೆ.

ಆರನೇತಂತಿ

ಅಯ್ಯೋ ಹಳೇಕ್ಯಾಸೆಟ್ ಅವರೇ, ಇದನ್ನ ಮೊದಲೇ ಹೇಳಿದ್ರೆ ಜಗಳವೇ ಇರ್ತಿರಲಿಲ್ಲ! ಹಾಕಿ ಆ ಹಾಡು.

ಪದಗಾರರ ಮಾತು ಓದಿ ನನ್ನ ಹಳೇ ಪಲ್ಲವಿಯೊಂದನ್ನ ತೆಗೆದು ನೋಡಿದೆ. ಎತ್ತರದ ಸ್ವರಕ್ಕೆ ನಾನು ಕೂರಿಸಿದ್ದ ಪದ ‘ಉಸಿರು’. ಎರಡು ಉಕಾರ, ಅದೂ ಆರು ಮಾತ್ರೆ. ಹಾಡೋವಾಗ ನನಗೆ ಉಸಿರೇ ಇರ್ತಿರಲಿಲ್ಲ. ನೆನ್ನೆ ರಾತ್ರಿ ಕ್ಯಾಪೊ ತೆಗೆದಿಟ್ಟು, ಗಿಟಾರನ್ನೇ ಒಂದು ಪೂರ್ತಿ ಸ್ವರ ಕೆಳಗೆ ಟ್ಯೂನ್ ಮಾಡಿ, ಆ ಜಾಗಕ್ಕೆ ‘ಬಿಟ್ಟೆ’ ಅಂತ ಇಟ್ಟು ಹಾಡಿದೆ. ಕಿರುಚೋ ಜಾಗದಲ್ಲಿ ಮಾತಾಡಿದ ಹಾಗೆ ಬಂತು. ನಮ್ಮನೆಯವಳು ಒಳಗಿಂದ ‘ಯಾರದು ಹೊಸ ಹಾಡು?’ ಅಂದ್ಲು. ಆರು ವರ್ಷ ಹಳೇದು ಅಂದ್ರೆ ನಂಬಲಿಲ್ಲ.

ಈ ವಾರ ರೆಕಾರ್ಡ್ ಮಾಡಿ ಹಾಕ್ತೀನಿ. @ಮಿಕ್ಸಿಂಗ್‌ಮಂಕ ಮೈಕ್ ಒಂದೇ, ಮೂರಿಲ್ಲ. @ಡ್ರಮ್‌ಸ್ಟಿಕ್ ನೀವು ನುಡಿಸ್ತೀರಾ? 6/8, ನಿಧಾನ. ಕ್ಲಿಕ್ ಟ್ರ್ಯಾಕ್ (ತಾಳ ಹಿಡಿಯೋ ಟಿಕ್‌ಟಿಕ್ ಸದ್ದು) ಇಲ್ಲದೆ.

ಡ್ರಮ್‌ಸ್ಟಿಕ್

ನುಡಿಸ್ತೀನಿ. ಆದ್ರೆ ಗಿಟಾರಿನವರು ಕ್ಲಿಕ್ ಬೇಡ ಅಂದಾಗೆಲ್ಲ ಎರಡನೇ ಚರಣಕ್ಕೆ ಓಡೋಕೆ ಶುರು ಮಾಡ್ತಾರೆ. ಮೊದಲು ಗಿಟಾರ್ ಟ್ರ್ಯಾಕ್ ಕಳಿಸಿ, ಆಮೇಲೆ ಮಾತಾಡೋಣ.